ಮೈ ದಣಿದರೂ ನಿದ್ದೆ ಬಾರದೇಕೆ?



‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ನಿಮಗೆಲ್ಲ ಗೊತ್ತು. ದಿನವಿಡೀ ದುಡಿದವನಿಗೆ ಕಲ್ಲು ಹಾಸಿಗೆಯೂ ಮೆತ್ತಗೆ ಎಂದು ಹಿರಿಯರು ಹೇಳುವುದನ್ನೂ ಕೇಳಿದ್ದೀರಿ. ಈ ಭಾಗದಿಂದ ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದುಹೋಗುವ ಭಕ್ತರನ್ನು ನೀವು ನೋಡಿರಬಹುದು. ಹೊತ್ತು ಮುಳುಗಿದ ಮೇಲೆ ರಸ್ತೆ ಬದಿಯ ಗುಡಿಯ ಕಟ್ಟೆಯ ಮೇಲೆ ಒಂದು ಕಂಬಳಿ ಹಾಸಿ ಮಲಗಿದರೆಂದರೆ, ಪಕ್ಕದಲ್ಲಿ ಲಾರಿ ಹಾದುಹೋದರೂ ಅವರಿಗೆ ಎಚ್ಚರವಾಗುವುದಿಲ್ಲ. ಹಾಗಾದರೆ ದುಡಿದ ಮೈಗೆ ನಿದ್ದೆ ತಾನಾಗಿ ಬರುತ್ತದೆ ಎಂದು ತಿಳಿಯಬೇಕಲ್ಲವೇ?

ನಾನೂ ಹಾಗೆಯೇ ತಿಳಿದಿದ್ದೆ. ನೇಕಾರಿಕೆಯ ಬಗ್ಗೆ ಒಂದು ಕಾರ್ಯಕ್ರಮ ಚಿತ್ರೀಕರಿಸಲು ಇಳಕಲ್ಲಿಗೆ ಹೋದಾಗ ಆ ತಿಳಿವಳಿಕೆ ಅರ್ಧ ಮಾತ್ರ ನಿಜ ಎಂದು ಗೊತ್ತಾಯಿತು.

ಇಳಕಲ್ ಸೀರೆಯನ್ನು ನೇಯುವ ಕುಣಿ ಮಗ್ಗವನ್ನು ನಿಮ್ಮಲ್ಲಿ ಕೆಲವರು ಮನೆಯಲ್ಲೇ ಕಂಡಿರುತ್ತೀರಿ. ನೆಲದಲ್ಲಿ ಒಂದು ಕುಣಿ. ನೇಕಾರ ಅದರ ಅಂಚಿನಲ್ಲಿ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟಿರುತ್ತಾನೆ. ಕಾಲು ಕೆಳಗಿನ ಹಲಗೆಯನ್ನು ಒತ್ತುತ್ತದೆ, ಕೈ ಲಾಳಿಯನ್ನು ಆಡಿಸುತ್ತದೆ, ಬೆನ್ನು ಮುಂದಕ್ಕೆ ಬಾಗಿರುತ್ತದೆ, ಕಣ್ಣು ನೂಲಿನ ಮೇಲೆಯೇ ಇರುತ್ತದೆ. ಒಡಲಿನ ಹಾಸನ್ನೂ ಸೆರಗಿನ ರೇಷ್ಮೆ ಹಾಸನ್ನೂ ಕೊಂಡಿ ಹಾಕಿ ಒಂದೊಂದಾಗಿ ಜೋಡಿಸುವ ಕೆಲಸವನ್ನು ಕ್ಯಾಮೆರಾದಲ್ಲಿ ಹತ್ತಿರದಿಂದ ತೋರಿಸುತ್ತಿದ್ದಾಗ ನಮ್ಮ ಬೆನ್ನೇ ನೋಯತೊಡಗಿತ್ತು.

ಚಿತ್ರೀಕರಣ ಮುಗಿದು ಚಹಾ ಕುಡಿಯುವಾಗ ಮನೆಯ ಯಜಮಾನರನ್ನು ಕೇಳಿದೆ: “ಇಷ್ಟು ದುಡೀತೀರಿ, ರಾತ್ರಿ ಒಳ್ಳೆ ನಿದ್ದೆ ಬರತಿರಬೇಕಲ್ಲ?”

ಅವರು ನಕ್ಕರು. “ಎಲ್ಲೀ ನಿದ್ದಿರೀ ಸರ. ಎಂಟ್ಹತ್ತು ತಾಸು ಮಗ್ಗದಾಗ ಕುಂದರ್ತೀನಿ, ಮೈ ಹಣ್ಣಾಗತೈತಿ. ಆದ್ರ ಹಾಸಗಿ ಮ್ಯಾಲ ಬಿದ್ರ ನಿದ್ದಿ ಹತ್ತಾಂಗಿಲ್ಲ. ಆ ಮಗ್ಗಲ ಈ ಮಗ್ಗಲ ಹೊಳ್ಳಾಡೂದ ಆಗತೈತಿ.”

ಅಷ್ಟರಲ್ಲಿ ಒಳಗಿನಿಂದ ಅವರ ಮಗಳು ಬಂದಳು. ಪಿಯುಸಿ ಎರಡನೇ ವರ್ಷ, ವಿಜ್ಞಾನ ವಿಭಾಗ. ನಾನು ವಿಜ್ಞಾನದ ಪದವೀಧರ ಎಂದು ಯಾರೋ ಹೇಳಿದ್ದರು. “ಸರ, ರಾತ್ರಿ ಎರಡರ ತನಕ ಓದತೇನ್ರಿ. ನಿದ್ದಿ ಬರಬಾರದಂತ ಚಾ ಕುಡೀತೇನಿ. ಮುಂಜಾನೆ ಎದ್ರ ಓದಿದ್ದು ನೆನಪ ಇರೂದುಲ್ರಿ. ನಾ ದಡ್ಡಿ ಏನ್ರಿ?” ಎಂದು ಕೇಳಿದಳು. ಕೇಳುವಾಗ ಅವಳ ಕಣ್ಣು ತುಂಬಿತ್ತು. ಪರೀಕ್ಷೆಗೆ ಎರಡೇ ತಿಂಗಳಿತ್ತು.

ಒಂದೇ ಮನೆಯಲ್ಲಿ ಇಬ್ಬರು. ಒಬ್ಬರ ಮೈ ದಣಿದಿದೆ, ಇನ್ನೊಬ್ಬರ ಮಿದುಳು ದಣಿದಿದೆ. ಇಬ್ಬರಿಗೂ ನಿದ್ದೆ ಸರಿಯಿಲ್ಲ. ಇಂದಿನ ನನ್ನ ಮಾತು ಅವರಿಬ್ಬರನ್ನು ಕುರಿತದ್ದು. ಹಾಗೆಯೇ ನಿಮ್ಮನ್ನೂ ಕುರಿತದ್ದು.

ಮೊದಲು ನಿದ್ರೆ ಎಂದರೇನು ಎಂಬುದನ್ನು ನೋಡೋಣ. ನಿದ್ರೆ ಎಂದರೆ ಯಂತ್ರ ನಿಲ್ಲಿಸಿದ ಹಾಗೆ ಎಂದು ಬಹಳ ಕಾಲ ತಿಳಿಯಲಾಗಿತ್ತು. 1953ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು, ನಿದ್ರಿಸುತ್ತಿರುವವರ ಕಣ್ಣುಗುಡ್ಡೆಗಳು ರೆಪ್ಪೆಯ ಕೆಳಗೆ ಆಗಾಗ ವೇಗವಾಗಿ ಚಲಿಸುತ್ತವೆ ಎಂದು ತೋರಿಸಿದರು. ಆ ಹೊತ್ತಿನಲ್ಲಿ ಎಬ್ಬಿಸಿದರೆ ಹೆಚ್ಚಿನವರು ಕನಸು ಕಾಣುತ್ತಿದ್ದೆವು ಎನ್ನುತ್ತಾರೆ. ಆಗ ಮಿದುಳು ನಿಂತಿರುವುದಿಲ್ಲ, ಬೇರೆ ಕೆಲಸದಲ್ಲಿ ತೊಡಗಿರುತ್ತದೆ. ಇಂದು ನಮಗೆ ತಿಳಿದಿರುವಂತೆ ರಾತ್ರಿಯ ನಿದ್ರೆ ಸುಮಾರು 90 ನಿಮಿಷಗಳ ನಾಲ್ಕೈದು ಸುತ್ತುಗಳಲ್ಲಿ ಸಾಗುತ್ತದೆ. ಪ್ರತಿ ಸುತ್ತಿನಲ್ಲೂ ಹಗುರ ನಿದ್ರೆ, ಗಾಢ ನಿದ್ರೆ, ಕನಸಿನ ನಿದ್ರೆ ಎಂಬ ಹಂತಗಳಿವೆ. ಗಾಢ ನಿದ್ರೆಯ ಹೆಚ್ಚಿನ ಪಾಲು ರಾತ್ರಿಯ ಮೊದಲರ್ಧದಲ್ಲಿ ಬರುತ್ತದೆ, ಕನಸಿನ ನಿದ್ರೆಯ ಹೆಚ್ಚಿನ ಪಾಲು ಬೆಳಗಿನ ಜಾವದಲ್ಲಿ.

ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ಈ ನಿದ್ರೆಯಲ್ಲೇ. ರಾತ್ರಿ ಎರಡು ಗಂಟೆಗೆ ಮಲಗಿ ಆರಕ್ಕೆ ಏಳುವ ವಿದ್ಯಾರ್ಥಿನಿ ಬಿತ್ತನೆ ಮಾಡುತ್ತಾಳೆ, ಆದರೆ ಬೀಜಕ್ಕೆ ಮಣ್ಣು ಮುಚ್ಚುವುದಿಲ್ಲ. ಇಳಕಲ್ಲಿನ ಆ ಹುಡುಗಿ ದಡ್ಡಿಯಲ್ಲ. ಅವಳ ನಿದ್ರೆಯ ಅರ್ಧವನ್ನು ಅವಳೇ ಕತ್ತರಿಸಿ ಹಾಕಿದ್ದಳು.

ಇನ್ನು ನಿದ್ರೆ ಬರುವುದು ಹೇಗೆ? ಇದಕ್ಕೆ ಎರಡು ವ್ಯವಸ್ಥೆಗಳು ಜೊತೆಯಾಗಿ ಕೆಲಸ ಮಾಡುತ್ತವೆ. ಒಂದನ್ನು ನಿದ್ರೆಯ ಒತ್ತಡ ಎನ್ನಬಹುದು. ಜೀವಕೋಶಗಳು ಶಕ್ತಿಗಾಗಿ ಬಳಸುವ ಎಟಿಪಿ ಎಂಬ ವಸ್ತುವಿನ ಬಗ್ಗೆ ನಿಮ್ಮ ಜೀವಶಾಸ್ತ್ರದ ಪಠ್ಯದಲ್ಲಿ ಓದಿರುತ್ತೀರಿ. ಅದರ ಹೆಸರಿನಲ್ಲೇ ಅಡಿನೋಸಿನ್ ಇದೆ. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಕೂಡುತ್ತಾ ಹೋಗುತ್ತದೆ. ಅದು ಹೆಚ್ಚಿದಂತೆ ಕಣ್ಣು ಎಳೆಯುತ್ತದೆ. ಚಹಾ, ಕಾಫಿಯಲ್ಲಿರುವ ಕೆಫೀನ್ ಈ ಅಡಿನೋಸಿನ್ ಕುಳಿತುಕೊಳ್ಳಬೇಕಾದ ಜಾಗವನ್ನು ತಾನು ಆಕ್ರಮಿಸುತ್ತದೆ. ದಣಿವು ಹೋಗುವುದಿಲ್ಲ, ದಣಿವಿನ ಸುದ್ದಿ ಮಾತ್ರ ಮಿದುಳಿಗೆ ತಲುಪುವುದಿಲ್ಲ. ಕುಡಿದ ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ತಾಸು ಬೇಕು. ರಾತ್ರಿ ಹತ್ತಕ್ಕೆ ಕುಡಿದ ಚಹಾದ ಅರ್ಧ ಕೆಫೀನು ಮೂರು ಗಂಟೆಗೂ ಮೈಯಲ್ಲೇ ಇರುತ್ತದೆ.

ಎರಡನೆಯದು ಮೈಯೊಳಗಿನ ಗಡಿಯಾರ. ಇದು ಮಿದುಳಿನ ಆಳದಲ್ಲಿದ್ದು ಹಗಲಿನ ಬೆಳಕನ್ನು ನೋಡಿ ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ಜೀವಕೋಶಗಳಲ್ಲಿ ಈ ಗಡಿಯಾರ ನಡೆಯುವ ಬಗೆಯನ್ನು ಕಂಡುಹಿಡಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು. ಕತ್ತಲಾದಂತೆ ಮೆಲಟೋನಿನ್ ಎಂಬ ಹಾರ್ಮೋನು ಏರುತ್ತದೆ, ಮೈಯ ಒಳಗಿನ ಉಷ್ಣತೆ ಇಳಿಯುತ್ತದೆ, ನಿದ್ರೆಗೆ ದಾರಿಯಾಗುತ್ತದೆ. ನಿಮ್ಮ ವಯಸ್ಸಿನಲ್ಲಿ ಈ ಗಡಿಯಾರ ತುಸು ಹಿಂದೆ ಓಡುತ್ತದೆ. ಅದಕ್ಕೇ ನಿಮಗೆ ರಾತ್ರಿ ಹನ್ನೊಂದಾದರೂ ನಿದ್ದೆ ಬರುವುದಿಲ್ಲ, ಬೆಳಿಗ್ಗೆ ಏಳಲು ಕಷ್ಟವಾಗುತ್ತದೆ. ಮನೆಯಲ್ಲಿ ಇದನ್ನು ಸೋಮಾರಿತನ ಎಂದು ಬೈಯುವುದುಂಟು. ಅದು ಪೂರ್ತಿ ಸೋಮಾರಿತನವಲ್ಲ, ಆದರೆ ಮಲಗಿಕೊಂಡು ಮೊಬೈಲಿನ ಬೆಳಕನ್ನು ಮುಖಕ್ಕೆ ಹಿಡಿದರೆ ಆ ಗಡಿಯಾರ ಇನ್ನಷ್ಟು ಹಿಂದಕ್ಕೆ ಹೋಗುತ್ತದೆ.

ಈಗ ವ್ಯಾಯಾಮದ ಮಾತಿಗೆ ಬರೋಣ. ವ್ಯಾಯಾಮ ಈ ಎರಡೂ ವ್ಯವಸ್ಥೆಗಳಿಗೆ ನೆರವಾಗುತ್ತದೆ. ಸ್ನಾಯುಗಳೂ ಹೃದಯವೂ ಚುರುಕಾಗಿ ದುಡಿದ ದಿನ ನಿದ್ರೆಯ ಒತ್ತಡ ಹೆಚ್ಚುತ್ತದೆ, ಗಾಢ ನಿದ್ರೆಯ ಪಾಲೂ ಸ್ವಲ್ಪ ಏರುತ್ತದೆ. ವ್ಯಾಯಾಮದ ಹೊತ್ತಿನಲ್ಲಿ ಏರಿದ ಮೈಯ ಬಿಸಿ ಮುಂದಿನ ಕೆಲವು ತಾಸುಗಳಲ್ಲಿ ಇಳಿಯುವುದು ನಿದ್ರೆಗೆ ಸಹಾಯಕ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಮನಸ್ಸಿನ ಕಳವಳ ಕಡಿಮೆಯಾಗುವುದು ಇನ್ನೊಂದು ಲಾಭ. ಬೆಳಿಗ್ಗೆ ಬಯಲಿನಲ್ಲಿ ನಡೆದರೆ ಗಡಿಯಾರಕ್ಕೂ ಬೆಳಕು ಸಿಗುತ್ತದೆ. ಮನೆಯೊಳಗಿನ ದೀಪಕ್ಕಿಂತ ಬಯಲಿನ ಬೆಳಕು ಹತ್ತಾರು ಪಟ್ಟು ಹೆಚ್ಚು.

ಆದರೆ ಒಂದು ದಿನ ಓಡಿದರೆ ಸಾಲದು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ 1997ರಲ್ಲೇ ಅಮೆರಿಕದ ಒಂದು ವೈದ್ಯ ಪತ್ರಿಕೆಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ ಪ್ರಯೋಗವೊಂದು ಪ್ರಕಟವಾಯಿತು. ವ್ಯಾಯಾಮದ ರೂಢಿಯಿಲ್ಲದ, ನಿದ್ರೆಯ ದೂರಿದ್ದ, 50ರಿಂದ 76 ವರ್ಷದ 43 ಜನರನ್ನು ಆರಿಸಿ ಎರಡು ಗುಂಪು ಮಾಡಿದರು. ಒಂದು ಗುಂಪಿನವರು ವಾರಕ್ಕೆ ನಾಲ್ಕು ಸಲ, ಪ್ರತಿ ಸಲ ಅರ್ಧ ತಾಸು ಮೀರಿ, ಬಿರುಸಿನ ನಡಿಗೆಯಂಥ ವ್ಯಾಯಾಮ ಮಾಡಿದರು. 16 ವಾರಗಳ ನಂತರ ಆ ಗುಂಪಿನವರಿಗೆ ನಿದ್ರೆ ಹತ್ತಲು ಹಿಡಿಯುತ್ತಿದ್ದ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು, ನಿದ್ರೆಯ ಅವಧಿಯೂ ಹೆಚ್ಚಿತ್ತು. ಅವರು ನಿಮ್ಮ ವಯಸ್ಸಿನವರಲ್ಲ, ನಿಮ್ಮ ಅಜ್ಜ ಅಜ್ಜಿಯ ವಯಸ್ಸಿನವರು. ಆದರೂ ಎರಡು ಸಂಗತಿಗಳನ್ನು ಗಮನಿಸಿ. ಅವರು ಮಾಡಿದ್ದು ನಡಿಗೆ, ಕುಸ್ತಿಯಲ್ಲ. ಬಿಡದೆ ಮಾಡಿದ್ದು ನಾಲ್ಕು ತಿಂಗಳು, ನಾಲ್ಕು ದಿನವಲ್ಲ.

ಇನ್ನು ಚೇತರಿಕೆ. ವ್ಯಾಯಾಮ ಮಾಡುವಾಗಲೇ ಮೈ ಗಟ್ಟಿಯಾಗುತ್ತದೆ ಎಂದು ನಾವು ತಿಳಿಯುತ್ತೇವೆ. ನಿಜವಾಗಿ ವ್ಯಾಯಾಮದ ಹೊತ್ತಿನಲ್ಲಿ ಸ್ನಾಯುವಿನ ಎಳೆಗಳಿಗೆ ಅತಿ ಸಣ್ಣ ಪೆಟ್ಟುಗಳು ಬೀಳುತ್ತವೆ. ಅವು ರಿಪೇರಿಯಾಗಿ ಮೊದಲಿಗಿಂತ ಬಲವಾಗುವುದು ಆಮೇಲೆ, ಒಂದೆರಡು ದಿನಗಳ ಅವಧಿಯಲ್ಲಿ. ರಾತ್ರಿಯ ಮೊದಲ ಗಾಢ ನಿದ್ರೆಯಲ್ಲಿ ಬೆಳವಣಿಗೆಯ ಹಾರ್ಮೋನು ದೊಡ್ಡ ಪ್ರಮಾಣದಲ್ಲಿ ಹೊರಬರುತ್ತದೆ ಎಂಬುದು 1968ರಿಂದಲೂ ತಿಳಿದಿರುವ ವಿಷಯ. ಬೆಳೆಯುವ ವಯಸ್ಸಿನ ನಿಮಗೆ ಇದು ಎರಡು ಪಟ್ಟು ಮುಖ್ಯ.

ಹೊಸದಾಗಿ ಬೈಠಕ ಹೊಡೆದ ಮರುದಿನ ತೊಡೆ ಹಿಡಿದುಕೊಂಡು, ಎರಡನೆಯ ದಿನ ಮೆಟ್ಟಿಲು ಇಳಿಯಲೂ ಆಗದೆ ಒದ್ದಾಡಿದ ಅನುಭವ ನಿಮಗಿರಬಹುದು. ಲ್ಯಾಕ್ಟಿಕ್ ಆಮ್ಲ ಸೇರಿಕೊಂಡಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ವಸ್ತು ವ್ಯಾಯಾಮ ಮುಗಿದ ಸುಮಾರು ಒಂದು ತಾಸಿನೊಳಗೆ ರಕ್ತದಿಂದ ಹೋಗಿಬಿಟ್ಟಿರುತ್ತದೆ. ಆ ನೋವು ರಿಪೇರಿ ನಡೆಯುತ್ತಿರುವುದರ ಗುರುತು. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಅದು ಇಳಿಯುತ್ತದೆ, ಮುಂದಿನ ಸಲ ಅಷ್ಟು ಆಗುವುದಿಲ್ಲ.

ನಮ್ಮ ಗರಡಿ ಮನೆಗಳ ವಸ್ತಾದರು ಈ ಹಾರ್ಮೋನಿನ ಹೆಸರು ಕೇಳಿರಲಿಲ್ಲ. ಆದರೆ ಪೈಲವಾನರ ದಿನಚರಿಯನ್ನು ನೋಡಿ. ನಸುಕಿನಲ್ಲಿ ದಂಡ, ಬೈಠಕ. ಆಮೇಲೆ ಮೈತಿಕ್ಕುವುದು, ಊಟ, ವಿಶ್ರಾಂತಿ. ಸಂಜೆ ಮತ್ತೆ ಮಣ್ಣಿಗೆ ಇಳಿಯುವುದು. ರಾತ್ರಿ ಬೇಗ ಮಲಗುವುದು. ಸಾಮು ಮಾಡಿ ರಾತ್ರಿ ತಿರುಗುವ ಹುಡುಗನನ್ನು ವಸ್ತಾದರು ಗದರಿಸಿ ಮನೆಗೆ ಕಳಿಸುತ್ತಿದ್ದರು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ಬಂದ ಸೈಕಲ್ ಸ್ಪರ್ಧಿಗಳು ದೇಶದಲ್ಲಿ ಹೆಸರು ಮಾಡಿದ್ದಾರೆ. ಅವರ ತರಬೇತಿಯಲ್ಲೂ ಪೆಡಲು ತುಳಿಯುವ ದಿನಗಳ ಜೊತೆಗೆ ಬಿಡುವಿನ ದಿನಗಳಿಗೂ ಸ್ಥಾನವಿದೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಟ್ಯಾನ್‌ಫರ್ಡ್‌ನ 11 ಜನ ಬಾಸ್ಕೆಟ್‌ಬಾಲ್ ಆಟಗಾರರಿಗೆ ಕೆಲವು ವಾರ ರಾತ್ರಿ ಹತ್ತು ತಾಸು ಹಾಸಿಗೆಯಲ್ಲಿರಲು ಹೇಳಲಾಯಿತು. ಅವರ ಓಟ ಚುರುಕಾಯಿತು, ಬುಟ್ಟಿಗೆ ಚೆಂಡು ಹಾಕುವ ಗುರಿ ಶೇಕಡಾ 9ರಷ್ಟು ಸುಧಾರಿಸಿತು. ವ್ಯಾಯಾಮ ನಿದ್ರೆಯನ್ನು ತರುತ್ತದೆ, ನಿದ್ರೆ ಮರುದಿನದ ವ್ಯಾಯಾಮಕ್ಕೆ ಮೈಯನ್ನು ಅಣಿ ಮಾಡುತ್ತದೆ. ಮಗ್ಗದ ಹಾಸು ಹೊಕ್ಕಿನ ಹಾಗೆ ಎರಡೂ ಕೂಡಿದರೆ ಮಾತ್ರ ಬಟ್ಟೆ.

ಹಾಗಾದರೆ ಇಳಕಲ್ಲಿನ ನೇಕಾರರಿಗೆ ಏಕೆ ನಿದ್ದೆ ಬರುತ್ತಿರಲಿಲ್ಲ? ಅವರು ದಿನಕ್ಕೆ ಹತ್ತು ತಾಸು ದುಡಿಯುತ್ತಿದ್ದರಲ್ಲ?

ದುಡಿಮೆಯ ದಣಿವು ಬೇರೆ, ವ್ಯಾಯಾಮದ ದಣಿವು ಬೇರೆ. ಮಗ್ಗದಲ್ಲಿ ಅವೇ ಕೆಲವು ಸ್ನಾಯುಗಳು ಅದೇ ಚಲನೆಯನ್ನು ಸಾವಿರಾರು ಸಲ ಮಾಡುತ್ತವೆ. ಸೊಂಟ, ಕುತ್ತಿಗೆ ಒಂದೇ ಭಂಗಿಯಲ್ಲಿ ಬಿಗಿದಿರುತ್ತವೆ. ಹೃದಯಕ್ಕೂ ಶ್ವಾಸಕೋಶಕ್ಕೂ ಅಂಥ ಕೆಲಸವಿಲ್ಲ. ಹೊರಗಿನ ಬೆಳಕೂ ಇಲ್ಲ. ರಾತ್ರಿ ಬೆನ್ನುನೋವು ಎಬ್ಬಿಸುತ್ತದೆ. ಸೀರೆ ಮುಗಿಯುವುದು ಯಾವಾಗ, ಕೂಲಿ ಬರುವುದು ಯಾವಾಗ ಎಂಬ ಚಿಂತೆ ಅದರ ಮೇಲೆ. ವ್ಯಾಯಾಮ ಕೂಲಿಯನ್ನು ಹೆಚ್ಚಿಸುವುದಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಮೈಯ ಬಿಗಿತವನ್ನು ಮಾತ್ರ ಅದು ಸಡಿಲಿಸಬಲ್ಲದು.

ಇದನ್ನು ನಾನು ನನ್ನ ಮೈಯಿಂದಲೇ ಕಲಿತೆ. ನಲವತ್ತು ದಾಟಿದವನು ನಾನು. ಸಂಕಲನದ ಕೋಣೆಯಲ್ಲಿ ಕತ್ತಲಲ್ಲಿ ಕುಳಿತು ರಾತ್ರಿಗಳನ್ನು ಕಳೆಯುವುದು ನನ್ನ ವೃತ್ತಿ. ಒಮ್ಮೆ ಬಾದಾಮಿಯ ಗುಹೆಗಳ ಚಿತ್ರೀಕರಣಕ್ಕೆ ಹೋಗಿದ್ದೆವು. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯವರೆಗೆ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಂದು ಕುಳಿತುಬಿಟ್ಟೆ. ಕ್ಯಾಮೆರಾದ ಮುಕ್ಕಾಲಿಯನ್ನು ಹೆಗಲ ಮೇಲೆ ಹೊತ್ತ ನಮ್ಮ ಸಹಾಯಕ ಹುಡುಗ ಮೇಲೆ ಹೋಗಿ ನಿಂತು, “ಸರ, ಬರ್ರಿ, ಬೆಳಕು ಹೋಗತೈತಿ” ಎಂದು ಕರೆಯುತ್ತಿದ್ದ. ಎದುರಿನ ಕೆಂಪು ಬಂಡೆಯ ಮೇಲೆ ನಿಮ್ಮ ವಯಸ್ಸಿನ ಹುಡುಗ ಹುಡುಗಿಯರು ಹಗ್ಗ ಕಟ್ಟಿಕೊಂಡು ಹತ್ತುತ್ತಿದ್ದರು. ಅಂದು ರಾತ್ರಿ ಮೈ ಪೂರ್ತಿ ದಣಿದಿದ್ದರೂ ಎರಡು ಗಂಟೆಯ ತನಕ ಎಚ್ಚರವಿದ್ದೆ. ಊರಿಗೆ ಮರಳಿ ವೈದ್ಯರನ್ನು ಕಂಡೆ. ಪರೀಕ್ಷೆ ಮಾಡಿ, ಮಾತ್ರೆ ಬರೆಯದೆ, ದಿನಾ ಅರ್ಧ ತಾಸು ನಡೆಯಲು ಹೇಳಿದರು. ಮೊದಲ ಎರಡು ವಾರ ಏನೂ ಆಗಲಿಲ್ಲ. ಬಿಟ್ಟುಬಿಡೋಣ ಎನಿಸಿತ್ತು. ಎರಡನೆಯ ತಿಂಗಳಲ್ಲಿ, ಯಾವಾಗ ನಿದ್ದೆ ಹತ್ತಿತು ಎಂದು ನೆನಪಿಲ್ಲದ ರಾತ್ರಿಗಳು ಬರತೊಡಗಿದವು.

ಈಗ ನೀವು ಮಾಡಬಹುದಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದಾಗಿ, ಪ್ರಮಾಣ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ದೈಹಿಕ ಚಟುವಟಿಕೆ ಮಾಡಬೇಕು, ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿತು. ಮಾತಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ಅದೇ ಮಧ್ಯಮ ವೇಗದ ಅಳತೆ. ಕಬಡ್ಡಿ, ಖೋಖೋ, ಹಗ್ಗದಾಟ, ಸೈಕಲ್, ಸೂರ್ಯನಮಸ್ಕಾರ, ಯಾವುದಾದರೂ ಆದೀತು. ಬಾಗಲಕೋಟೆಯ ನವನಗರದವರಿಗೆ ಅಗಲವಾದ ರಸ್ತೆಗಳಿವೆ. ಮೈದಾನಕ್ಕೆ ಹೋಗಲು ಅನುಕೂಲವಿಲ್ಲದ ಹೆಣ್ಣುಮಕ್ಕಳಿಗೆ ಮನೆಯ ಮಾಳಿಗೆಯಿದೆ, ಒಂದು ಹಗ್ಗ ಸಾಕು.

ಎರಡನೆಯದಾಗಿ, ಹೊತ್ತು. ನಮ್ಮ ಕಡೆ ಬೇಸಿಗೆಯಲ್ಲಿ ಹಗಲು ಮೈ ಬಗ್ಗಿಸುವಂತಿಲ್ಲ. ಬಿಸಿಲೇರುವ ಮುಂಚೆ ಅಥವಾ ಸಂಜೆ ಮಾಡಿ, ನೀರು ಕುಡಿಯಿರಿ. ಸಂಜೆಯ ವ್ಯಾಯಾಮದಿಂದ ನಿದ್ರೆ ಕೆಡುವುದಿಲ್ಲ. ಮಲಗುವ ಮುಂಚಿನ ಒಂದು ತಾಸಿನಲ್ಲಿ ಮಾತ್ರ ಏದುಸಿರು ಬರುವಂಥದ್ದು ಬೇಡ.

ಮೂರನೆಯದಾಗಿ, ಹೊಲದ ಕೆಲಸ ಮಾಡಿ ಶಾಲೆಗೆ ಬರುವವರಿಗೆ ಒಂದು ಮಾತು. ಹುನಗುಂದದ ಎರೆಹೊಲದಲ್ಲಿ ಬೆಳಿಗ್ಗೆಯೆಲ್ಲ ಜೋಳ ಕೊಯ್ದು ಬಂದವರು ಸಂಜೆ ಮತ್ತೆ ಓಡಬೇಕಾಗಿಲ್ಲ. ಬಾಗಿದ ಬೆನ್ನನ್ನು ಹಿಂದಕ್ಕೆ ಚಾಚುವುದು, ತೋಳು ಕಾಲು ಸಡಿಲಿಸುವುದು, ನಿಧಾನವಾಗಿ ಉಸಿರಾಡುವುದು, ಬೇಗ ಮಲಗುವುದು. ಇವೇ ನಿಮಗೆ ವ್ಯಾಯಾಮ.

ನಾಲ್ಕನೆಯದಾಗಿ, ನಿದ್ರೆ. 13ರಿಂದ 18 ವರ್ಷದವರಿಗೆ 8ರಿಂದ 10 ತಾಸು, ದೊಡ್ಡವರಿಗೆ ಕನಿಷ್ಠ 7 ತಾಸು ಬೇಕು. ಏಳುವ ಹೊತ್ತನ್ನು ರವಿವಾರವೂ ಬದಲಿಸಬೇಡಿ. ಸಂಜೆಯ ನಂತರ ಚಹಾ ಬಿಡಿ. ಮೊಬೈಲು ಬೇರೆ ಕೋಣೆಯಲ್ಲಿ ಮಲಗಲಿ. ಬನಶಂಕರಿ ಜಾತ್ರೆಯಲ್ಲಿ ರಾತ್ರಿಯಿಡೀ ನಾಟಕ ನೋಡಬಾರದು ಎಂದು ನಾನು ಹೇಳಲಾರೆ, ನಾನೂ ನೋಡಿದವನೇ. ಮರುದಿನ ಆ ಸಾಲ ತೀರಿಸಿ ಎಂದಷ್ಟೇ ಹೇಳುತ್ತೇನೆ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗವಿದೆ. ಬೆಳಿಗ್ಗೆ ಎಚ್ಚರವಾದೊಡನೆ, ಹಾಸಿಗೆ ಬಿಡುವ ಮುಂಚೆ, ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ. ಒಂದು ನೋಟುಪುಸ್ತಕದಲ್ಲಿ ನಾಡಿ, ಮಲಗಿದ ಹೊತ್ತು, ಎದ್ದ ಹೊತ್ತು, ಮಾಡಿದ ವ್ಯಾಯಾಮ ಬರೆಯಿರಿ. ಎರಡು ಮೂರು ತಿಂಗಳು ಬಿಡದೆ ಮಾಡಿದರೆ ನಾಡಿ ಮೆಲ್ಲಗೆ ಇಳಿಯುವುದನ್ನು ಹಲವರು ಕಾಣುವಿರಿ. ಹೃದಯ ಬಲವಾಗಿ, ಕಡಿಮೆ ಬಡಿತದಲ್ಲಿ ಅದೇ ಕೆಲಸ ಮಾಡುತ್ತಿದೆ ಎಂದು ಅದರ ಅರ್ಥ. ಯಾವುದೋ ವಾರ ನಾಡಿ ಏರಿಯೇ ಇದ್ದು, ಮೈ ಭಾರವಾಗಿ, ನಿದ್ದೆ ಕೆಟ್ಟರೆ ವ್ಯಾಯಾಮ ಅತಿಯಾಗಿರಬಹುದು, ಇಲ್ಲವೆ ಆರೋಗ್ಯ ಕೆಟ್ಟಿರಬಹುದು. ಆಗ ಬಿಡುವು ಕೊಡಿ.

ಒಂದು ಎಚ್ಚರಿಕೆಯೂ ಬೇಕು. ನಾನು ವೈದ್ಯನಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಗೊರಕೆಯ ನಡುವೆ ಉಸಿರು ನಿಂತಂತಾಗುತ್ತಿದ್ದರೆ, ವ್ಯಾಯಾಮದಲ್ಲಿ ಎದೆ ನೋವು, ತಲೆಸುತ್ತು ಬಂದರೆ, ಮನಸ್ಸು ಸದಾ ಕುಗ್ಗಿದ್ದರೆ ಮನೆಯವರಿಗೆ ಹೇಳಿ, ವೈದ್ಯರನ್ನು ಕಾಣಿರಿ. ಅದಕ್ಕೆಲ್ಲ ವ್ಯಾಯಾಮವೊಂದೇ ಮದ್ದಲ್ಲ.

ಕೂಡಲಸಂಗಮದ ಚಿತ್ರೀಕರಣಕ್ಕೆಂದು ಆರು ತಿಂಗಳ ನಂತರ ಮತ್ತೆ ಹುನಗುಂದದ ಕಡೆ ಹೋದಾಗ, ಇಳಕಲ್ಲಿನ ಆ ಮನೆಗೆ ಹೋಗಿ ಬಂದೆ. ನಾನು ಹೇಳಿದ್ದನ್ನು ಮಗಳು ಹಿಡಿದುಕೊಂಡಿದ್ದಳು. ಹೊತ್ತು ಮುಳುಗುವ ಮುಂಚೆ ತಂದೆಯನ್ನು ಮಗ್ಗದಿಂದ ಎಬ್ಬಿಸಿ ಊರ ಹೊರಗಿನ ತನಕ ನಡೆಸಿಕೊಂಡು ಹೋಗುತ್ತಿದ್ದಳಂತೆ. ತಾನು ಹತ್ತೂವರೆಗೆ ಪುಸ್ತಕ ಮುಚ್ಚಿ ಆರಕ್ಕೆ ಏಳುವ ರೂಢಿ ಮಾಡಿಕೊಂಡಿದ್ದಳು. ಪರೀಕ್ಷೆ ಪಾಸಾಗಿತ್ತು. “ಭಾಳ ಮಾರ್ಕ್ಸ್ ಏನ್ ಬಂದಿಲ್ರಿ ಸರ, ಆದ್ರ ಓದಿದ್ದು ಪೇಪರಿನ್ಯಾಗ ನೆನಪಾತ್ರಿ” ಎಂದಳು.

ತಂದೆ ಮಗ್ಗದಿಂದ ತಲೆ ಎತ್ತಿ ಹೇಳಿದರು: “ಬೆನ್ನುನೋವು ಪೂರಾ ಹೋಗಿಲ್ರಿ. ಆದ್ರ ಈಗ ರಾತ್ರಿ ಹೊಳ್ಳಾಡೂದು ಕಡಿಮಿ ಆಗೇತಿ.” ಆಮೇಲೆ ಮಗಳ ಕಡೆ ನೋಡಿ, “ಇಕಿ ಬಿಡಾಂಗಿಲ್ರಿ, ದಿನಾ ಎಬ್ಬಸ್ತಾಳ” ಎಂದರು.

ಮಿತ್ರರೇ, ನಿಮ್ಮ ಮನೆಯಲ್ಲೂ ಹಗಲೆಲ್ಲ ಕುಳಿತು ದುಡಿಯುವವರು ಒಬ್ಬರಾದರೂ ಇರುತ್ತಾರೆ. ಇಂದು ಸಂಜೆ ಅವರನ್ನು ಎಬ್ಬಿಸಿ, ಜೊತೆಯಲ್ಲಿ ಒಂದರ್ಧ ತಾಸು ನಡೆದು ಬನ್ನಿ. ನಾಳೆಯೂ ಹೋಗಿ.